ಬಡಸಂಘಗಳ ಅಕ್ಷರಸಂಪತ್ತು

ಭದ್ರೆಗೆ ಅಣೆಕಟ್ಟನ್ನು ಕಟ್ಟಿದ ಲಕ್ಕವಳ್ಳಿಯಂತಹ ಊರುಗಳಲ್ಲಿ, ಯುವಕ ಸಂಘ, ಮಹಿಳಾ ಸಮಾಜ, ಭಜನಾ ಮಂಡಳಿ ಮೊದಲಾದ ಧನಬಲವಿಲ್ಲದ ಸಂಸ್ಥೆಗಳು ಒಂದು ಕರಪತ್ರವನ್ನು ಹೊರಡಿಸಬೇಕಾದರೂ ಪೇಟೆಯ ಮುದ್ರಣಾಲಯದ ಅಚ್ಚಿನ ಮೊಳೆಗಳನ್ನೇ ಆಶ್ರಯಿಸಬೇಕಾಗಿದ್ದ ಕಾಲವೊಂದಿದ್ದಿತು. ಮೇಣದ ಹಾಳೆಯ ಮೇಲೆ ಬರೆದು, ಮಸಿಯ ಉರುಳೆಯಿಂದ ಪ್ರತಿಗಳನ್ನು ತೆಗೆಯುವ ಸೈಕ್ಲೋಸ್ಟೈಲು ಯಂತ್ರವು ಆ ವೆಚ್ಚದ ಭಾರವನ್ನು ಕೊಂಚ ಇಳುಹಿತು. ಗಣಕಯಂತ್ರವು ಬಂದ ಮೇಲೂ ಕನ್ನಡದ ತಂತ್ರಾಂಶಗಳು ಇಂತಹವರ ಕೈಗೆಟುಕುವಂತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ಎಂಬ ಕನ್ನಡ ತಂತ್ರಾಂಶವನ್ನು ಉಚಿತವಾಗಿ ಹಂಚಿದರು; ತರುವಾಯ, ಕೆ. ಪಿ. ರಾವ್ ಅವರು ಧ್ವನಿಕ್ರಮವನ್ನನುಸರಿಸಿ ರಚಿಸಿದ್ದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ನಿಶ್ಶುಲ್ಕವಾಗಿ ದೊರೆಯಿತು. ಬೆರಳೆಣಿಕೆಯ ರೂಪಾಯಿಗಳ ಚಂದಾಹಣದಿಂದ ನಡೆಯುವ ಸಂಘಗಳ ಪಾಲಿಗೆ, ನನ್ನ ಎಣಿಕೆಯಲ್ಲಿ, ಇದಕ್ಕಿಂತ ಮಿಗಿಲಾದ ದಾನ ಆ ಕಾಲದಲ್ಲಿ ಬೇರೊಂದಿರಲಿಲ್ಲ: ಸಭೆಯ ನಡವಳಿ, ಆಯವ್ಯಯದ ತಖ್ತೆ, ಆಮಂತ್ರಣಪತ್ರ, ಎಲ್ಲವನ್ನೂ ಅವು ತಾವೇ ಸಿದ್ಧಪಡಿಸಿಕೊಳ್ಳತೊಡಗಿದುವು.