ಕನ್ನಡ ಚಲನಚಿತ್ರ ಮತ್ತು ಅಂತರರಾಷ್ಟ್ರೀಯ ಪ್ರಶಸ್ತಿ: ಸ್ಥಳೀಯತೆಯ ಪ್ರಶ್ನೆ

ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರೀಯ ಸ್ವರ್ಣಕಮಲವನ್ನು ಕನ್ನಡ ಚಿತ್ರಗಳು ಆರು ಬಾರಿ ಪಡೆದಿವೆ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997) ಹಾಗೂ ‘ದ್ವೀಪ’ (2001) ಈ ಗೌರವಕ್ಕೆ ಪಾತ್ರವಾದವು. ಮೊದಲ ಎರಡನ್ನು ಬಿಟ್ಟರೆ ಉಳಿದ ನಾಲ್ಕೂ ಗಿರೀಶ ಕಾಸರವಳ್ಳಿಯವರ ಕೃತಿಗಳು. ಇಷ್ಟಾದರೂ, 1957ರ ‘ಮದರ್ ಇಂಡಿಯಾ’ದಿಂದ 2025ರ ‘ಹೋಮ್‌ಬೌಂಡ್’ವರೆಗೆ ಆಸ್ಕರ್ ಪ್ರಶಸ್ತಿಯ ವಿದೇಶಿ ಭಾಷಾಚಿತ್ರ ವಿಭಾಗಕ್ಕೆ ಭಾರತವು ಅಧಿಕೃತವಾಗಿ ಕಳುಹಿಸಿದ ಚಿತ್ರಗಳ ಪಟ್ಟಿಯಲ್ಲಿ ಕನ್ನಡದ್ದು ಒಂದೂ ಇಲ್ಲ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಸಮಾಧಾನವೆಂದರೆ, ಪ್ರಾದೇಶಿಕ ಚಿತ್ರಗಳ ಆಚಾರ, ಜಾತಿಸಂಬಂಧ ಮತ್ತು ಮಾತಿನ ಧಾಟಿ ಹೊರಗಿನವರಿಗೆ ಅರ್ಥವಾಗಲಾರದಷ್ಟು ಸ್ಥಳೀಯವಾದವು ಎಂಬುದು. ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದಾಗ ಈ ವಾದ ನಿಲ್ಲುವುದಿಲ್ಲ. ಹೊರನಾಡಿನಲ್ಲಿ ಹೆಚ್ಚು ಮನ್ನಣೆ ಪಡೆದ ಕನ್ನಡ ಚಿತ್ರಗಳಲ್ಲಿ ಮೂರರ ಕೇಂದ್ರದಲ್ಲಿರುವುದು ಸಾವಿನ ಆಚರಣೆಯೇ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ದಲ್ಲಿ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂಬುದೇ ಇಡೀ ಅಗ್ರಹಾರದ ಸಮಸ್ಯೆ. ‘ಘಟಶ್ರಾದ್ಧ’ದಲ್ಲಿ ಇನ್ನೂ ಬದುಕಿರುವ ವಿಧವೆ ಯಮುನಕ್ಕನಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡಿ ಆಕೆಯನ್ನು ಕುಲದಿಂದ ಹೊರಗಿಡುತ್ತಾನೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ (2015) ಮಂಡ್ಯ ಸೀಮೆಯ ಶತಾಯುಷಿ ಸೆಂಚುರಿ ಗೌಡ ತೀರಿಕೊಂಡ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆಯಿದೆ. ಇವುಗಳಿಗಿಂತ ಹೆಚ್ಚು ಸ್ಥಳೀಯವಾದ ವಸ್ತುವನ್ನು ಊಹಿಸುವುದು ಕಷ್ಟ. ಆದರೂ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 1972ರಲ್ಲಿ ‘ಸಂಸ್ಕಾರ’ಕ್ಕೆ ಕಂಚಿನ ಚಿರತೆ ಪ್ರಶಸ್ತಿಯೂ, 2015ರಲ್ಲಿ ‘ತಿಥಿ’ಗೆ ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆಯೂ ದೊರೆತವು. ಉತ್ತರಕ್ರಿಯೆಯಿಲ್ಲದ ಸಮಾಜವಿಲ್ಲ, ಕ್ರಿಯೆಯ ವಿವರ ಬೇರೆಯಾದರೂ ಅದರ ಸುತ್ತ ಏಳುವ ಭಯ, ಲೋಭ, ಜಗಳಗಳನ್ನು ಪರಭಾಷೆಯ ಪ್ರೇಕ್ಷಕ ಗುರುತಿಸಬಲ್ಲ.

ಅನುವಾದದಲ್ಲಿ ನಷ್ಟವಿಲ್ಲವೆಂದು ಇದರ ಅರ್ಥವಲ್ಲ. ‘ತಿಥಿ’ಯ ಪಾತ್ರಧಾರಿಗಳು ವೃತ್ತಿನಟರಲ್ಲ, ಆ ಸೀಮೆಯ ಹಳ್ಳಿಗರು. ಗಡ್ಡಪ್ಪನ ಬಾಯಲ್ಲಿ ಬರುವ ಬೈಗುಳ, ತಮಾಷೆಗಳ ಮಂಡ್ಯ ಕನ್ನಡವು ಅಡಿಬರಹದ ಇಂಗ್ಲಿಷಿನಲ್ಲಿ ಸಪ್ಪೆಯಾಗುತ್ತದೆ. ಆದರೆ ಲೊಕಾರ್ನೊದ ತೀರ್ಪುಗಾರರು ನೋಡಿದ್ದೂ ಅಡಿಬರಹವಿದ್ದ ಚಿತ್ರವನ್ನೇ.

ಆದುದರಿಂದ ಅಡ್ಡಿಯನ್ನು ಚಿತ್ರಗಳ ಒಳಗಲ್ಲ, ಆಯ್ಕೆಯ ಕ್ರಮದಲ್ಲಿ ಹುಡುಕಬೇಕಾಗುತ್ತದೆ. ಚಿತ್ರೋತ್ಸವವು ಚಿತ್ರವನ್ನು ತಾನೇ ನೋಡಿ ಆರಿಸುತ್ತದೆ. ಆಸ್ಕರ್‌ನ ಈ ವಿಭಾಗಕ್ಕೆ ಒಂದು ದೇಶದಿಂದ ವರ್ಷಕ್ಕೆ ಒಂದೇ ಚಿತ್ರ. ಒಂದು ದೇಶಕ್ಕೆ ಒಂದು ಭಾಷೆಯೆಂಬ ಕಲ್ಪನೆಗೆ ಒಗ್ಗುವ ಈ ನಿಯಮ ಹತ್ತಾರು ಭಾಷೆಗಳಲ್ಲಿ ಚಿತ್ರ ತಯಾರಾಗುವ ಭಾರತಕ್ಕೆ ಇಕ್ಕಟ್ಟಾದ ಬಾಗಿಲು. ಇದನ್ನು ಕೇವಲ ಹಿಂದಿಯ ಯಜಮಾನಿಕೆ ಎನ್ನುವುದೂ ಪೂರ್ತಿ ಸರಿಯಲ್ಲ. ಪಟ್ಟಿಯಲ್ಲಿ ಹಿಂದಿಯದೇ ಸಿಂಹಪಾಲು ನಿಜ; ಆದರೆ ತೆಲುಗಿನ ‘ಸ್ವಾತಿ ಮುತ್ಯಂ’ (1986), ತಮಿಳಿನ ‘ನಾಯಗನ್’ (1987), ಮಲಯಾಳದ ‘ಗುರು’ (1997), ಮರಾಠಿಯ ‘ಶ್ವಾಸ್’ (2004), ಅಸ್ಸಾಮಿಯ ‘ವಿಲೇಜ್ ರಾಕ್‌ಸ್ಟಾರ್ಸ್’ (2018) ಚಿತ್ರಗಳೂ ಅಲ್ಲಿವೆ.

ಭಾರತದ ಪರವಾಗಿ ಆಯ್ಕೆ ಮಾಡುವುದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ. ನಿರ್ಮಾಪಕರು ಶುಲ್ಕ ತೆತ್ತು ಮುಂದಿಟ್ಟ ಚಿತ್ರಗಳನ್ನಷ್ಟೇ ಅದರ ಸಮಿತಿ ಪರಿಶೀಲಿಸುತ್ತದೆ. ಆಯ್ಕೆಯಾದ ಬಳಿಕ ಅಮೆರಿಕದಲ್ಲಿ ಮತದಾರ ಸದಸ್ಯರಿಗಾಗಿ ಪ್ರದರ್ಶನ, ಪ್ರಚಾರಗಳ ವೆಚ್ಚವೂ ಬಹುಮಟ್ಟಿಗೆ ನಿರ್ಮಾಪಕರ ಮೇಲೆಯೇ ಬೀಳುತ್ತದೆ. ಸ್ವಂತ ಊರಿನಲ್ಲೇ ಚಿತ್ರಮಂದಿರ ದೊರೆಯದೆ ಪರದಾಡುವ ಸಣ್ಣ ಬಂಡವಾಳದ ನಿರ್ಮಾಪಕನಿಗೆ ಇದು ನಿಲುಕದ ಮಾತು. ಕಳುಹಿಸಿದ ಮಾತ್ರಕ್ಕೆ ಮನ್ನಣೆ ಸಿಗುತ್ತದೆಂಬ ಭರವಸೆಯೂ ಇಲ್ಲ. ಸತ್ಯಜಿತ್ ರಾಯ್ ಅವರ ‘ಅಪುರ್ ಸಂಸಾರ್’, ‘ಮಹಾನಗರ್’ ಎರಡೂ ಭಾರತದ ಪ್ರವೇಶಗಳಾಗಿದ್ದವು. ಯಾವುದೂ ನಾಮನಿರ್ದೇಶನ ಪಡೆಯಲಿಲ್ಲ. ಅದೇ ಸಂಸ್ಥೆ 1992ರಲ್ಲಿ, ರಾಯ್ ಮರಣಶಯ್ಯೆಯಲ್ಲಿದ್ದಾಗ, ಅವರಿಗೆ ಗೌರವ ಪ್ರಶಸ್ತಿ ನೀಡಿತು.

ದೇಶದ ಹೆಸರಿನ ಬಾಗಿಲನ್ನು ಬಳಸದೆ ಹೋದ ಕನ್ನಡ ಚಿತ್ರಗಳ ಅನುಭವ ಬೇರೆ. ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದು ಎಂಬ ಅಜ್ಜಿಯ ಕಥೆ ಕನ್ನಡದ ಮಕ್ಕಳಿಗೆ ಹೊಸದಲ್ಲ. ಹುಂಜವನ್ನು ಕದ್ದೊಯ್ಯುವ ಮುದುಕಿಯ ಜನಪದ ಕಥೆಯನ್ನೇ ಚಿದಾನಂದ ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಿರುಚಿತ್ರವಾಗಿಸಿದರು. ಅದಕ್ಕೆ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತು. ಅಲ್ಲಿ ಚಿತ್ರದ ಬೆನ್ನಿಗಿದ್ದುದು ನಿರ್ಮಾಪಕನ ಹಣದ ಚೀಲವಲ್ಲ, ಒಂದು ಶಿಕ್ಷಣ ಸಂಸ್ಥೆ. ಅದೇ ವರ್ಷ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠಕೃತಿಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಇದನ್ನು ಸಾಧ್ಯವಾಗಿಸಿದ್ದು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹಾಗೂ ಮಾರ್ಟಿನ್ ಸ್ಕೋರ್ಸೇಸಿ ಸ್ಥಾಪಿಸಿದ ವಿಶ್ವ ಸಿನಿಮಾ ಯೋಜನೆ. ಚಿತ್ರ ತಯಾರಾಗಿ ಆಗ ನಲವತ್ತೇಳು ವರ್ಷಗಳಾಗಿದ್ದವು.