ಕ್ಷಯರೋಗದಿಂದ ಉಂಟಾಗುವ ಮಿದುಳುಪೊರೆಯ ಉರಿಯೂತ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕ್ಷಯರೋಗವು ಶ್ವಾಸಕೋಶಕ್ಕೆ ಮಾತ್ರ ಸೀಮಿತವಲ್ಲ. ರೋಗಾಣುಗಳು ರಕ್ತದ ಮೂಲಕ ಮಿದುಳಿನ ಪೊರೆಯನ್ನು ತಲುಪಿದಾಗ ಉಂಟಾಗುವ ಉರಿಯೂತವನ್ನು ಟಿ.ಬಿ. ಮೆನಿಂಜೈಟಿಸ್ ಎನ್ನಲಾಗುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಇದು ಮಾರಣಾಂತಿಕ. ಚಿಕಿತ್ಸೆ ತಡವಾದಲ್ಲಿ ಜೀವ ಉಳಿದರೂ ದೃಷ್ಟಿ, ಶ್ರವಣ ಅಥವಾ ಕೈಕಾಲುಗಳ ಸ್ವಾಧೀನ ನಷ್ಟವಾಗಬಹುದು.

1. ಲಕ್ಷಣಗಳು
ಹಲವು ದಿನಗಳಿಂದ ಬಿಡದ ತಲೆನೋವು, ಜ್ವರ, ವಾಂತಿ, ತೂಕ ಇಳಿಕೆ. ನಂತರ ಕತ್ತು ಬಿಗಿತ, ಎರಡೆರಡಾಗಿ ಕಾಣುವುದು, ಮಂಕು, ಫಿಟ್ಸ್. ಮಕ್ಕಳಲ್ಲಿ ಕಿರಿಕಿರಿ ಮತ್ತು ಆಹಾರ ನಿರಾಕರಣೆ ಕಂಡುಬರಬಹುದು. ನೋವಿನ ಮಾತ್ರೆ ಸೇವಿಸುತ್ತಾ ಕಾಲಹರಣ ಮಾಡಬಾರದು. ಪ್ರಜ್ಞೆ ಮಂಕಾದಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

2. ಪರೀಕ್ಷೆ
ಬೆನ್ನಿನ ಕೆಳಭಾಗದಿಂದ ದ್ರವ ತೆಗೆದು ಪರೀಕ್ಷಿಸಲಾಗುವುದು. ಸೂಜಿಯನ್ನು ಬೆನ್ನುಹುರಿ ಮುಗಿಯುವ ಸ್ಥಳಕ್ಕಿಂತ ಕೆಳಗೆ ಹಾಕುವುದರಿಂದ ಕಾಲಿನ ಸ್ವಾಧೀನ ತಪ್ಪುತ್ತದೆಂಬ ಭಯ ಬೇಡ. ವರದಿಯಲ್ಲಿ ರೋಗಾಣು ಕಾಣದಿದ್ದರೂ ರೋಗವಿಲ್ಲವೆಂದು ಹೇಳಲಾಗದು. ಆದ್ದರಿಂದ ವೈದ್ಯರು ಲಕ್ಷಣಗಳ ಆಧಾರದ ಮೇಲೆ ಚಿಕಿತ್ಸೆ ಆರಂಭಿಸಬಹುದು.

3. ಹೆಚ್.ಐ.ವಿ. ಸೋಂಕು ಇದ್ದವರು ಮತ್ತು ಇಲ್ಲದವರು
ಈ ಕಾಯಿಲೆ ಇಬ್ಬರಿಗೂ ಬರಬಹುದು. ಆದರೆ ಸೋಂಕು ಇದ್ದವರಲ್ಲಿ ಅಪಾಯ ಹಾಗೂ ಮರಣ ಪ್ರಮಾಣ ಹೆಚ್ಚು. ಇದೇ ಲಕ್ಷಣಗಳು ಕ್ರಿಪ್ಟೋಕಾಕಸ್ ಶಿಲೀಂಧ್ರದಿಂದಲೂ ಬರುವುದರಿಂದ ಆ ಪರೀಕ್ಷೆಯೂ ಅಗತ್ಯ. ಹೆಚ್.ಐ.ವಿ. ಔಷಧ ಇನ್ನೂ ಆರಂಭಿಸದವರಿಗೆ ಕ್ಷಯ ಚಿಕಿತ್ಸೆ ಆರಂಭವಾದ 4ರಿಂದ 8 ವಾರಗಳ ನಡುವೆ ಅದನ್ನು ನೀಡಲಾಗುವುದು. ಈಗಾಗಲೇ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸತಕ್ಕದ್ದು. ರಿಫಾಂಪಿಸಿನ್ ಜೊತೆಯಲ್ಲಿ ಡೋಲುಟೆಗ್ರಾವಿರ್ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ.

ಡೆಕ್ಸಾಮೆಥಸೋನ್ ಮರಣವನ್ನು ಕಡಿಮೆ ಮಾಡುತ್ತದೆಂದು 2004ರಲ್ಲಿ ವಿಯೆಟ್ನಾಂನ ಅಧ್ಯಯನ ತೋರಿಸಿತು. ಹೆಚ್.ಐ.ವಿ. ಸೋಂಕಿತ ವಯಸ್ಕರಲ್ಲಿ ಅಂತಹ ಸ್ಪಷ್ಟ ಪ್ರಯೋಜನ 2023ರ ಅಧ್ಯಯನದಲ್ಲಿ ಕಂಡುಬಂದಿಲ್ಲ. ಆದ್ದರಿಂದ ಇದರ ಬಳಕೆ ವೈದ್ಯರ ನಿರ್ಧಾರಕ್ಕೆ ಒಳಪಟ್ಟಿರುತ್ತದೆ.

4. ಚಿಕಿತ್ಸೆಯ ಅವಧಿ
ಶ್ವಾಸಕೋಶದ ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆಯಾದರೆ, ಇದಕ್ಕೆ ಕನಿಷ್ಠ 12 ತಿಂಗಳು. ತಲೆನೋವು ಕಡಿಮೆಯಾಯಿತೆಂದು ಮಧ್ಯದಲ್ಲಿ ನಿಲ್ಲಿಸಿದಲ್ಲಿ ರೋಗ ಮರುಕಳಿಸಬಹುದು.

5. ದೊರೆಯುವ ಸೌಲಭ್ಯಗಳು
ಅ) ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗದ ಔಷಧ ಹಾಗೂ ಹೆಚ್.ಐ.ವಿ. ಪರೀಕ್ಷೆ ಉಚಿತ.
ಆ) ನಿಕ್ಷಯ್ ಪೋಷಣ್ ಯೋಜನೆಯಡಿ ಮಾಸಿಕ ನೆರವನ್ನು ದಿನಾಂಕ 1-11-2024ರಿಂದ ರೂ. 500ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಹೆಸರು ನೋಂದಣಿಯಾದ ನಂತರ ಬ್ಯಾಂಕ್ ಖಾತೆಯ ವಿವರ ಸಲ್ಲಿಸತಕ್ಕದ್ದು. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರೂ ಅರ್ಹರು.
ಇ) ಹೆಚ್.ಐ.ವಿ. ಸ್ಥಿತಿಯ ಗೋಪ್ಯತೆಗೆ 2017ರ ಅಧಿನಿಯಮದ ರಕ್ಷಣೆ ಇರುತ್ತದೆ.

6. ಸಂಪರ್ಕ
ಕಡೂರು ಮತ್ತು ತರೀಕೆರೆ ತಾಲ್ಲೂಕು ಆಸ್ಪತ್ರೆ, ಅಜ್ಜಂಪುರದ ಸರ್ಕಾರಿ ಆಸ್ಪತ್ರೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಗತ್ಯವಿದ್ದಲ್ಲಿ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸಲಾಗುವುದು. ಉಚಿತ ಸಹಾಯವಾಣಿ: ಕ್ಷಯ 1800-11-6666, ಹೆಚ್.ಐ.ವಿ. 1097.

ಸೂಚನೆ: ನವಜಾತ ಶಿಶುವಿಗೆ ಬಿ.ಸಿ.ಜಿ. ಲಸಿಕೆ ಹಾಕಿಸುವುದರಿಂದ ಮಕ್ಕಳಿಗೆ ಈ ಕಾಯಿಲೆಯಿಂದ ರಕ್ಷಣೆ ದೊರೆಯುತ್ತದೆ.