ಎರೆನೆಲದ ಪ್ರಾಣಿಪಟ್ಟಿ

ಕಿತ್ತೂರಿನ ಚರಿತ್ರೆಯನ್ನೋದಿದವರಿಗೆ ವಾಲ್ಟರ್ ಎಲಿಯಟ್ಟನ ಹೆಸರು ಹೊಸದಲ್ಲ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನಲ್ಲಿ ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಅವನೊಬ್ಬನು. ಕರ್ಣಾಟಕ ದೇಶದ 595 ಶಾಸನಗಳ ಪಾಠಗಳನ್ನು ಸಂಗ್ರಹಿಸಿದನಾಗಿ ಶಾಸನಾಭ್ಯಾಸಿಗಳೂ ಅವನನ್ನು ಬಲ್ಲರು. ಆದರೆ ಕಂಪನಿ ಸರಕಾರದವರು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದ ಆ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು, ದೇಶಭಾಷೆಯ ಹೆಸರುಗಳ ಸಮೇತ, 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಅಚ್ಚುಹಾಕಿಸಿದವನೂ ಅವನೇ ಎಂಬುದನ್ನು ನೆನೆಯುವವರು ವಿರಳ.

ಹುಲಿಯ ಉದ್ದವನ್ನಳೆದು ಹಿಗ್ಗುತ್ತಿದ್ದ ಬೇಟೆಗಾರ ಸಾಹೇಬರ ಆ ಕಾಲದಲ್ಲಿ ಎಲಿಯಟ್ಟನು ಇಲಿಗಳನ್ನು ಕುರಿತು ಬರೆದುದೇ, ನನ್ನ ಮಟ್ಟಿಗೆ, ಆ ಪಟ್ಟಿಯ ಅತ್ಯುತ್ತಮ ಭಾಗ. ಮೆತ್ತನೆಯ ತುಪ್ಪಳದ ಮೆಲ್ತಾಡವೆಂಬ ಹೊಲದ ಇಲಿಯು ಬೇಸಿಗೆಯಲ್ಲಿ ಎರೆನೆಲವು ಬಿರಿದಾಗ ಆ ಬಿರುಕುಗಳಲ್ಲಿಯೇ ವಾಸಿಸುವುದು. ಮುಂಗಾರು ಸುರಿದು ಬಿರುಕುಗಳು ಕುಸಿದು ಮುಚ್ಚಿಕೊಳ್ಳಲು, ಅಲ್ಲಿಯೇ ಅಸಂಖ್ಯವಾಗಿ ಸಾಯುವುದು. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಸಾಯಬೇಕಾದ ಇಲಿಗಳು ಸಾಯದೆ ಮಿತಿಮೀರಿ ಹೆಚ್ಚಿದವು. ಬಿತ್ತಿದ ಕಾಳನ್ನು ಬಿತ್ತಿದೊಡನೆಯೇ ತಿಂದು, ಬೆಳೆ ನಿಂತಲ್ಲಿ ಜೋಳದ ದಂಟನ್ನೇರಿ ತೆನೆಯನ್ನು ಕತ್ತರಿಸಿ, ರೈತರು ಕಂದಾಯ ಕಟ್ಟಲಾರದಷ್ಟು ಹೊಲಗಳನ್ನು ಹಾಳುಗೆಡವಿದವು. ಇಷ್ಟು ಡಜನ್ನಿಗೆ ಇಷ್ಟು ಕಾಳೆಂದು ಕೂಲಿ ಗೊತ್ತುಮಾಡಿಕೊಂಡ ವಡ್ಡರು ಸಾವಿರಗಟ್ಟಲೆ ಕೊಂದರೂ ಅವುಗಳ ಸಂಖ್ಯೆ ಇಳಿದಂತೆ ತೋರಲಿಲ್ಲವಂತೆ. ಕೆರೆ ತೋಡುವ ಈ ಜನರೇ ಸುಗ್ಗಿಯಲ್ಲಿ ಕೊಕ್ ಎಂಬ ಇನ್ನೊಂದು ಇಲಿಯ ಬಿಲಗಳನ್ನಗೆದು, ಒಂದೊಂದರಿಂದ ಅರ್ಧ ಸೇರಿನವರೆಗೂ ಧಾನ್ಯ ತೆಗೆದು, ಬಹುಮಟ್ಟಿಗೆ ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದರು. ಎಲಿಯಟ್ಟನು ಕಳುಹಿಸಿದ ಮಾದರಿಗಳನ್ನು ಕಂಡು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಗ್ರೇ ಪಂಡಿತನು 1837ರಲ್ಲಿ ಅವುಗಳಿಗೆ ಮೆಲ್ತಾಡ, ಕೊಕ್, ಗೊಲುಂಡ ಎಂಬ ದೇಶಭಾಷೆಯ ಹೆಸರುಗಳನ್ನೇ ಉಳಿಸಿಕೊಟ್ಟನು. ಬಿಲವನ್ನಗೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

1911ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದವರು ಸಸ್ತನಿ ಸಮೀಕ್ಷೆಯನ್ನಾರಂಭಿಸಿ, ಸಂಗ್ರಾಹಕ ಶಾರ್ಟ್ರಿಜ್ಜನನ್ನು ಧಾರವಾಡ, ಉತ್ತರ ಕನ್ನಡ, ಕೊಡಗುಗಳಿಗೆ ಕಳುಹಿಸಿದರು. ಸ್ಥಳ, ದಿನಾಂಕ, ಅಳತೆ ಎಲ್ಲವನ್ನೂ ಬರೆದು ತೊಗಲುಗಳಿಗೆ ಕಟ್ಟಿದ ಚೀಟಿಗಳಿಂದ ಪ್ರಾಣಿಗಳ ನೆಲೆಗಳನ್ನು ನಕ್ಷೆಯ ಮೇಲೆ ಗುರುತಿಸುವುದು ಸುಕರವಾಯಿತು, ನಿಜ; ಆದರೆ ಹದಮಾಡಿದ ತೊಗಲು ಮಳೆಯ ಸುದ್ದಿಯನ್ನು ಹೇಳದು.

ಎಲಿಯಟ್ಟನ ಪಟ್ಟಿಯಲ್ಲಿ ಚಿಂಕಾರವೆಂಬ ಹುಲ್ಲೆಯೂ ಉಂಟು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಈಗ ಅದಕ್ಕೊಂದು ಅಭಯಾರಣ್ಯವಿದೆ. ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ, ಈಚಿನ ವರ್ಷಗಳಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಚಿಂಕಾರವನ್ನು ದಾಖಲಿಸಿದಾಗ ಪ್ರಾಣಿಯ ಸೀಮೆ ವಿಸ್ತರಿಸಿತೆಂದು ಹಲವರು ಹೇಳಿದರು. ವಿಸ್ತರಿಸಿದುದು ಪ್ರಾಣಿಯ ಸೀಮೆಯೋ, ನೋಡುವವರ ಸೀಮೆಯೋ ಎಂಬ ಪ್ರಶ್ನೆಯನ್ನು ಅವಸರದಿಂದ ತೀರ್ಮಾನಿಸಲಾಗದು; ಮುಳ್ಳುಪೊದೆಯ ನೆಲವನ್ನು ಅರಣ್ಯವೆಂದೇ ಎಣಿಸದ ನಾವು ಅಲ್ಲಿ ಹುಡುಕಿದ್ದೇ ಕಡಮೆ. ಸರಕಾರವು ಮಾತ್ರ ಆ ಚರ್ಚೆಗೆ ಕಾಯದೆ 2019ರಲ್ಲಿ ಬುಕ್ಕಾಪಟ್ಟಣವನ್ನು ಚಿಂಕಾರ ವನ್ಯಧಾಮವೆಂದು ಸಾರಿತು.